ಹೇರೆತ್ತಿನ ಹಾದಿಯ ಉಪದೇಶ

1800ನೇ ಇಸವಿಯ ಜೂನ್ ತಿಂಗಳಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ದಂಡು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿತು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಲೋಕಪ್ರಸಿದ್ಧನಾಗಲಿದ್ದ ಈ ಅಧಿಕಾರಿ ಆಗ ಬೆನ್ನಟ್ಟಿ ಹೊರಟಿದ್ದು ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘನನ್ನು. ಹೈದರನ ಕುದುರೆ ಪಡೆಯಲ್ಲಿದ್ದು, ಆಮೇಲೆ ಟಿಪ್ಪುವಿನ ಸೆರೆಮನೆ ಕಂಡು, 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದವನು ಧೋಂಡಿಯಾ. ಕೆಲಸ ಕಳೆದುಕೊಂಡ ಸವಾರರನ್ನು ಕೂಡಿಸಿಕೊಂಡು ಶಿಕಾರಿಪುರ, ಶಿವಮೊಗ್ಗದ ಸೀಮೆಯಲ್ಲಿ ಎದ್ದು ನಿಂತಿದ್ದ. ಅವನನ್ನು ಮುಗಿಸಲು ಕಂಪನಿಗೆ ಸೆಪ್ಟೆಂಬರ್ 10ರ ತನಕ ಬೇಕಾಯಿತು. ಆ ತಿಂಗಳುಗಳಲ್ಲಿ ವೆಲ್ಲೆಸ್ಲಿಯ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಚಿಂತೆಯೊಂದಿದೆ: ಬಂಜಾರರು ಎಲ್ಲಿದ್ದಾರೆ, ಎತ್ತುಗಳು ಎಷ್ಟು, ಅಕ್ಕಿ ಯಾವಾಗ ತಲುಪುತ್ತದೆ.

ಆ ಎತ್ತುಗಳ ಹಿಂದೆ ನಡೆದ ಜನರಿಗೆ ಒಬ್ಬ ಗುರು ಇದ್ದರು. ಹೆಸರು ಸೇವಾಲಾಲ್, ತಾಂಡಾದವರ ಬಾಯಲ್ಲಿ ಸೇವಾಭಾಯಾ. ಸಮುದಾಯ ನಡೆಸಿಕೊಂಡು ಬಂದಿರುವ ಲೆಕ್ಕದಂತೆ ಅವರು ಹುಟ್ಟಿದ್ದು 1739ರ ಫೆಬ್ರುವರಿ 15ರಂದು, ತೀರಿಕೊಂಡದ್ದು 1806ರಲ್ಲಿ. ವೆಲ್ಲೆಸ್ಲಿ ಹೊಳೆ ದಾಟಿದ ವರ್ಷ ಅವರಿಗೆ 61. ಇಂದಿನ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಅವರ ಜನ್ಮಭೂಮಿಯೆಂದು ಲಕ್ಷಾಂತರ ಬಂಜಾರರು, ಅಂದರೆ ನಮ್ಮ ಲಂಬಾಣಿಗರು, ಕೈಮುಗಿಯುತ್ತಾರೆ. ಯುದ್ಧದ ಕಥೆ ಬರೆದವರು ಎತ್ತುಗಳನ್ನು ಎಣಿಸಿದರು. ಎತ್ತಿನ ಒಡೆಯರು ರಾತ್ರಿ ಬಿಡಾರದ ಬೆಂಕಿಯ ಸುತ್ತ ಕುಳಿತು ಯಾರ ಮಾತು ಕೇಳುತ್ತಿದ್ದರು ಎಂದು ವಿಚಾರಿಸಲಿಲ್ಲ. ಚನ್ನಗಿರಿ, ಹೊನ್ನಾಳಿ, ಜಗಳೂರುಗಳ ಹದಿನೆಂಟನೆಯ ಶತಮಾನವನ್ನು ಕೋಟೆ ಕುದುರೆಗಳ ಕಥೆಯಾಗಿಯೇ ಓದುತ್ತ ಬಂದ ನಾವೂ ವಿಚಾರಿಸಲಿಲ್ಲ. ಈ ನೆಲದ ಧರ್ಮದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಮರೆವು ಇಲ್ಲವೆಂದೇ ನನ್ನ ಭಾವನೆ.

ಸೇವಾಲಾಲರ ಆಯುಷ್ಯದ 67 ವರ್ಷಗಳಲ್ಲಿ ಈ ಸೀಮೆ ಎಷ್ಟು ಕೈ ಬದಲಾಯಿತು ನೋಡಿ. ಅವರು ಹುಟ್ಟಿದಾಗ ಪಶ್ಚಿಮದ ಕಡೆ ಕೆಳದಿ ಅರಸರ ಆಳ್ವಿಕೆ, ಜಗಳೂರಿನ ಕಡೆ ಚಿತ್ರದುರ್ಗದ ನಾಯಕರ ಆಳ್ವಿಕೆ. 1763ರಲ್ಲಿ ಹೈದರ್ ಬಿದನೂರನ್ನು ಹಿಡಿದ. 1779ರಲ್ಲಿ ಮದಕರಿನಾಯಕನ ದುರ್ಗವೂ ಅವನ ಕೈಗೆ ಬಿತ್ತು. 1791ರ ಚಳಿಗಾಲದಲ್ಲಿ ಪರಶುರಾಮ ಭಾವು ಮರಾಠರ ಪಡೆಯೊಡನೆ ಬಂದು ಶಿವಮೊಗ್ಗ ತೆಗೆದುಕೊಂಡ. ಅವನ ಜೊತೆಗಿದ್ದ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿಯ ಎಡ್ವರ್ಡ್ ಮೂರ್ ಎಂಬ ಯುವಕ ಆ ದಂಡಯಾತ್ರೆಯ ಕಥೆಯನ್ನು 1794ರಲ್ಲಿ ಅಚ್ಚು ಹಾಕಿಸಿದ. ಅದೇ ಹೊತ್ತಿಗೆ ದಖ್ಖನ್ನಿನಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಿನಲ್ಲಿ ಬಿದ್ದಿದ್ದ ಡೋಜಿ ಬರ. ಅದು ಕಳೆದು ಏಳೆಂಟು ವರ್ಷಕ್ಕೆ ಟಿಪ್ಪುವಿನ ಪತನ, ಧೋಂಡಿಯಾನ ದಂಗೆ, ಕಂಪನಿಯ ಕಾವಲಿನಲ್ಲಿ ಮೈಸೂರು ಒಡೆಯರ ಮರುಪಟ್ಟ. ಒಬ್ಬ ಮನುಷ್ಯನ ಜೀವಮಾನದಲ್ಲಿ ಇಷ್ಟೆಲ್ಲ ಆಯಿತು.

ಇಷ್ಟು ಯುದ್ಧ ನಡೆಯಬೇಕಾದರೆ ಯಾರೋ ಧಾನ್ಯ ಹೊರಬೇಕು. ರಸ್ತೆ ಎಂಬುದು ಹೆಸರಿಗೆ ಮಾತ್ರ ಇದ್ದ ಕಾಲ. ಬಂಡಿ ಹೋಗದ ಕಡೆಗೆ ಹೇರೆತ್ತು ಹೋಗುತ್ತಿತ್ತು. ಬೆನ್ನ ಮೇಲೆ ಎರಡು ಬದಿಗೆ ಇಳಿಬಿಟ್ಟ ಗೋಣಿಚೀಲ, ಕೊರಳಲ್ಲಿ ಗಂಟೆ, ದಿನಕ್ಕೆ ಆರೇಳು ಮೈಲಿ ನಡಿಗೆ, ದಾರಿಯಲ್ಲೇ ಮೇವು. ಕರಾವಳಿಯಿಂದ ಉಪ್ಪು ಘಟ್ಟ ಹತ್ತಿ ಬರುತ್ತಿತ್ತು. ಬಯಲುಸೀಮೆಯ ಜೋಳ, ಹತ್ತಿ, ಕಾಳುಗಳು ಘಟ್ಟ ಇಳಿಯುತ್ತಿದ್ದವು. ಮಲೆನಾಡಿನ ಅಂಚಿನಲ್ಲಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಗೂ ಒಣಬಯಲಿನ ಜಗಳೂರಿಗೂ ನಡುವಿನ ನೆಲ ಇಂಥ ಸಾಗಾಟಕ್ಕೆ ಹೇಳಿಮಾಡಿಸಿದ ಜಾಗ. ಹಿಂದಿನ ಶತಮಾನದಲ್ಲಿ, 1632ರಲ್ಲಿ, ಉತ್ತರ ಭಾರತದ ದಾರಿಯೊಂದರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಎದುರುಗೊಂಡ ಒಂದೇ ತಾಂಡಾದಲ್ಲಿ 14,000 ಎತ್ತುಗಳಿದ್ದವಂತೆ. ಎಲ್ಲದರ ಮೇಲೂ ಧಾನ್ಯ. ಹೆಂಗಸರು ಮಕ್ಕಳೆಲ್ಲ ಜೊತೆಗೇ ನಡೆಯುವ ಊರು ಅದು. ಆ ಊರಿಗೆ ನಾಯಕ, ಕಾರಭಾರಿ, ಡಾವೋ ಎಂಬ ಹಿರಿಯರು. ನ್ಯಾಯ, ಮದುವೆ, ಸಾವು ಎಲ್ಲ ಅಲ್ಲೇ. ಗುಡಿ ಕಟ್ಟಿ ನಿಲ್ಲಿಸುವಷ್ಟು ದಿನ ಒಂದೆಡೆ ನಿಲ್ಲದ ಆ ಜನರಿಗೆ ಪೂಜಾರಿಯೂ ಪುಸ್ತಕವೂ ದಕ್ಕಿರಲಿಲ್ಲ.

ಇಂಥ ಒಂದು ತಾಂಡಾದ ನಾಯಕ ಭೀಮಾನಾಯ್ಕ. ಹೆಂಡತಿ ಧರ್ಮಣಿ ಯಾಡಿ. ಅವರ ಮಗ ಸೇವಾಲಾಲ್. ಆಂಧ್ರದ ಗುತ್ತಿಯ ಬಳಿಯ ಗೊಲ್ಲಲದೊಡ್ಡಿಯೇ ಜನ್ಮಸ್ಥಳವೆಂದು ಹೇಳುವ ಇನ್ನೊಂದು ಪರಂಪರೆಯೂ ಇದೆ. ಅಲ್ಲಿಯವರು ಅದನ್ನು ಸೇವಾಗಡ್ ಎನ್ನುತ್ತಾರೆ, ಇಲ್ಲಿಯವರು ಸೂರಗೊಂಡನಕೊಪ್ಪವನ್ನು ಭಾಯಾಗಡ್ ಎನ್ನುತ್ತಾರೆ. ಈ ಜಗಳದಲ್ಲಿ ತೀರ್ಪು ಕೊಡುವ ಆತುರ ಬೇಡ. ನಡೆಯುತ್ತಲೇ ಬದುಕಿದ ಜನರ ಮಗು ಎರಡು ಸೀಮೆಗೂ ಸೇರಿದ್ದರಲ್ಲಿ ಅಸಹಜವಾದದ್ದೇನಿಲ್ಲ. ಭಕ್ತರ ಭಾವ ಎರಡು ಶತಮಾನ ಬಿಡದೆ ಒಂದು ಊರನ್ನು ಹಿಡಿದುಕೊಂಡು ಬಂದಿದ್ದರೆ, ಅದೂ ಇತಿಹಾಸದ ಒಂದು ಸಂಗತಿಯೇ.

ಅವರ ಜೀವನಕಥೆಯನ್ನು ತಾಂಡಾಗಳು ಹಾಡಿನಲ್ಲಿ ಇಟ್ಟುಕೊಂಡಿವೆ. ದನ ಕಾಯುವ ಹುಡುಗನಿಗೆ ಮರಿಯಮ್ಮ ಕಾಣಿಸಿಕೊಂಡು, ನನ್ನ ಭಗತನಾಗು ಎಂದು ಕೇಳುತ್ತಾಳೆ. ಅವನು ಒಪ್ಪುವುದಿಲ್ಲ. ದೇವಿ ಮುನಿಯುತ್ತಾಳೆ, ದನಗಳಿಗೆ ರೋಗ ಬರುತ್ತದೆ, ತಂದೆಗೆ ಕಷ್ಟ ಸುತ್ತಿಕೊಳ್ಳುತ್ತದೆ. ಕಡೆಗೆ ಅವನು ಬಾಗುತ್ತಾನೆ, ಆದರೆ ತನ್ನ ಹೆಸರಿನಲ್ಲಿ ರಕ್ತ ಬೀಳಕೂಡದು ಎಂಬ ಕಟ್ಟಿನ ಮೇಲೆ. ಈಗಲೂ ತಾಂಡಾಗಳಲ್ಲಿ ಮರಿಯಮ್ಮನ ಗುಡಿಯೂ ಸೇವಾಲಾಲರ ಗುಡಿಯೂ ಅಕ್ಕಪಕ್ಕದಲ್ಲಿರುತ್ತವೆ. ದೇವಿಗೆ ಕೆಂಪು ಬಾವುಟ, ಸೇವಾಭಾಯನಿಗೆ ಬಿಳಿ ಬಾವುಟ. ಸೇವಾಭಾಯನ ಮುಂದೆ ಸಿಹಿ ನೈವೇದ್ಯ ಮಾತ್ರ. ಅವರು ಮದುವೆಯಾಗದೆ ಉಳಿದರು. ಅವರ ಕುದುರೆ ತೋಳಾರಾಮ, ಹೇರು ಹೊರಿಸದೆ ಅಲಂಕರಿಸಿ ತಾಂಡಾದ ಮುಂದೆ ನಡೆಸುತ್ತಿದ್ದ ಗೂಳಿ ಗರಾಶ್ಯಾ, ಇಬ್ಬರೂ ಹಾಡುಗಳಲ್ಲಿ ಮನೆಮಂದಿಯ ಹಾಗೆ ಬರುತ್ತಾರೆ. ಪವಾಡಗಳ ಕಥೆಗಳೂ ಹೇರಳ. ದೇವಿಯ ಎದುರಿಗೇ ವಾದಕ್ಕೆ ನಿಂತು, ಬಲಿಯ ವಿಷಯದಲ್ಲಿ ತನ್ನ ಮಾತು ನಡೆಸಿಕೊಂಡ ಹುಡುಗನ ಕಥೆ ಮಾತ್ರ ಅವೆಲ್ಲಕ್ಕಿಂತ ತೂಕದ್ದು. ಅವರ ಮುಂದಿನ ಉಪದೇಶವೆಲ್ಲ ಅದರೊಳಗೇ ಇದೆ.

ಆ ಉಪದೇಶ ಎಷ್ಟು ಧೈರ್ಯದ್ದು ಎಂದು ತಿಳಿಯಬೇಕಾದರೆ ಅದಕ್ಕೆ ಹಿಂದಿನ ಇನ್ನೊಂದು ನೆನಪನ್ನು ಪಕ್ಕದಲ್ಲಿಟ್ಟು ನೋಡಬೇಕು. ಶಹಜಹಾನನ ಕಾಲದಲ್ಲಿ, 1630ರ ಸುಮಾರಿಗೆ, ಆಸಫ್ ಖಾನನ ದಂಡಿನೊಡನೆ ಭಂಗಿ ಮತ್ತು ಝಂಗಿ ಎಂಬ ನಾಯಕರು ದಖ್ಖನ್ನಿಗೆ ಇಳಿದರೆಂದೂ, ಅವರಿಗೆ ಚಿನ್ನದ ಅಕ್ಷರದ ತಾಮ್ರಪಟ ಸಿಕ್ಕಿತೆಂದೂ ಬಂಜಾರರಲ್ಲಿ ಪ್ರತೀತಿ. ಎತ್ತುಗಳಿಗೆ ಬೇಕಾದರೆ ಯಾರ ಮನೆಯ ಹಂಡೆಯ ನೀರನ್ನಾದರೂ, ಯಾರ ಸೂರಿನ ಹುಲ್ಲನ್ನಾದರೂ ತೆಗೆದುಕೊಳ್ಳಬಹುದು, ದಿನಕ್ಕೆ ಮೂರು ಕೊಲೆಯಾದರೂ ಕ್ಷಮೆಯುಂಟು ಎಂಬುದು ಅದರ ಒಕ್ಕಣೆ. ದಂಡಿಗೆ ಅನ್ನ ಹೊರುವವರಿಗೆ ಅರಸು ಕೊಟ್ಟ ಸವಲತ್ತು ಅದು. ಆ ಜನರ ಹೆಮ್ಮೆಯ ಬರಹವೆಂದರೆ ಬಲಾತ್ಕಾರಕ್ಕೆ ಕೊಟ್ಟ ಪರವಾನಗಿ. ನೂರಿಪ್ಪತ್ತು, ನೂರೈವತ್ತು ವರ್ಷಗಳ ನಂತರ ಅದೇ ಜನರ ನಡುವೆ ಹುಟ್ಟಿದ ಸೇವಾಲಾಲರು ಅದಕ್ಕೆ ನೇರ ವಿರುದ್ಧವಾದದ್ದನ್ನು ಹೇಳಿದರು. ಕದಿಯಬೇಡಿ. ಸುಳ್ಳಾಡಬೇಡಿ. ಯಾರನ್ನೂ ನೋಯಿಸಬೇಡಿ. ಹೆಂಡ, ಗಾಂಜಾ, ಜೂಜು ಬಿಡಿ. ಹೆಣ್ಣುಮಕ್ಕಳನ್ನು ಗೌರವಿಸಿ. ಹಸಿದವನಿಗೆ ಅನ್ನ ಕೊಡಿ, ಬಾಯಾರಿದವನಿಗೆ ನೀರು ಕೊಡಿ, ನೀರನ್ನು ಮಾರಬೇಡಿ. ಕಾಡನ್ನೂ ದನವನ್ನೂ ಕಾಪಾಡಿ. ಯಾರು ಏನೇ ಹೇಳಲಿ, ಮೊದಲು ತಿಳಿದುಕೊಳ್ಳಿ, ಸೋಸಿ ನೋಡಿ, ಆಮೇಲೆ ಒಪ್ಪಿಕೊಳ್ಳಿ. ಈ ಕೊನೆಯ ಮಾತು ಇಂದಿಗೂ ಓದುಬರಹ ತಿಳಿಯದ ಅಜ್ಜಿಯರ ಬಾಯಲ್ಲೂ ಇದೆ.

ಬರಲಿರುವ ಕಾಲದ ಬಗ್ಗೆಯೂ ಅವರ ಬೋಲ್‌ಗಳಿವೆ. ಒಂದು ಬಟ್ಟಲು ನೀರಿಗೆ ಒಂದು ರೂಪಾಯಿ ಕೊಡುವ ದಿನ ಬರುತ್ತದೆ, ಒಂದು ರೂಪಾಯಿಗೆ ಎಣಿಸಿ ಕೊಡುವಷ್ಟೇ ಕಡಲೆಕಾಳು ಸಿಗುವ ದಿನ ಬರುತ್ತದೆ ಎಂಬ ಅರ್ಥದವು. ಬಾಟಲಿ ನೀರು ಕುಡಿಯುವ ನಾವು ಅದನ್ನು ಕಾಲಜ್ಞಾನವೆಂದು ಬೆರಗಾಗುವುದು ಸಹಜ. ಆದರೆ ಡೋಜಿ ಬರವನ್ನು ಕಣ್ಣಾರೆ ಕಂಡ ಕಾಲದವರು, ಅದರಲ್ಲೂ ಧಾನ್ಯದ ವ್ಯಾಪಾರದಲ್ಲೇ ಬೆಳೆದವರು, ಕಾಳಿನ ಬೆಲೆ ಒಂದೇ ವರ್ಷದಲ್ಲಿ ಎಲ್ಲಿಗೆ ಹೋಗಬಲ್ಲದು ಎಂದು ಚೆನ್ನಾಗಿ ಬಲ್ಲರು. ಆ ಮಾತುಗಳಲ್ಲಿ ಮುಂದಿನ ದಿನದ ಭವಿಷ್ಯ ಎಷ್ಟಿದೆಯೋ, ಅಂದಿನ ವ್ಯಾಪಾರಿಗಳಿಗೆ ಎಚ್ಚರಿಕೆಯೂ ಅಷ್ಟೇ ಇದೆ. ಬರದಲ್ಲಿ ಧಾನ್ಯ ಹಿಡಿದಿಟ್ಟು ಬೆಲೆ ಏರಿಸಬಲ್ಲವರು ಎದುರಿಗೇ ಕುಳಿತಿದ್ದರು. ಅವರಿಗೇ ಸೇವಾಲಾಲರು ಹಸಿದವನ ಅನ್ನದ ಮಾತು ಹೇಳಿದರು.

ಈ ಉಪದೇಶ ಸಾಗಿದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತಾಂಡಾದಲ್ಲಿ ರಾತ್ರಿ ಊಟವಾದ ಮೇಲೆ ಭಜನೆ ಕೂಡುತ್ತದೆ. ನಂಗಾರ ಬಡಿಯುವವನೊಬ್ಬ, ಕಂಚಿನ ತಟ್ಟೆ ಬಾರಿಸುವವನೊಬ್ಬ, ತಾಳದವರು ಒಂದಿಬ್ಬರು. ಮೇಳದ ಹಿರಿಯ ಒಂದು ಸಾಲು ಎತ್ತುತ್ತಾನೆ, ಉಳಿದವರು ಹಿಂದೆ ಹಾಡುತ್ತಾರೆ. ಹಾಡಿನ ನಡುವೆ ನಿಲ್ಲಿಸಿ, ಸೇವಾಭಾಯ ಇದನ್ನು ಯಾವಾಗ ಹೇಳಿದ, ಯಾರಿಗೆ ಹೇಳಿದ ಎಂದು ಕಥೆ ಬಿಡಿಸುತ್ತಾನೆ, ಮತ್ತೆ ಹಾಡು. ಹಾಗೆ ಬೆಳಗಿನ ಜಾವದವರೆಗೆ. ಲಡಿ ಎಂದು ಕರೆಯುವ ಉದ್ದನೆಯ ಹಾಡುಗಬ್ಬಗಳಲ್ಲಿ ಅವರ ಜೀವನ ಕಂತು ಕಂತಾಗಿ ಬರುತ್ತದೆ. ಪೂಜೆಯ ದಿನ ಭೋಗ್: ಕೆಂಡದ ಮೇಲೆ ತುಪ್ಪ ಮತ್ತು ಸಿಹಿಯನ್ನು ಅರ್ಪಿಸಿ, ಸುತ್ತ ನಿಂತವರು ಅರ್ದಾಸ್ ಹೇಳುತ್ತಾರೆ. ಆ ಪ್ರಾರ್ಥನೆಯಲ್ಲಿ ತಮ್ಮ ಮಕ್ಕಳ ಜೊತೆಗೆ ದನಕರು, ಗಿಡಮರ, ಇರುವೆಯಂಥ ಸಣ್ಣ ಜೀವಕ್ಕೂ ಒಳ್ಳೆಯದಾಗಲಿ ಎಂಬ ಬೇಡಿಕೆ ಇರುತ್ತದೆ. ಪೀಠವಿಲ್ಲ, ಪುರಾಣ ಬಿಚ್ಚಿ ಓದುವ ಪಂಡಿತನಿಲ್ಲ. ಬಾಯಿಪಾಠ ಮಾಡಿಕೊಂಡ ಮನುಷ್ಯನೇ ಗ್ರಂಥ. ಸಾವಿರಾರು ಮೈಲಿಗಳ ಹರಹಿನಲ್ಲಿ, ಕನ್ನಡ, ತೆಲುಗು, ಮರಾಠಿ ಸೀಮೆಗಳ ಮೂರು ಭಾಷೆಗಳ ನಡುವೆ, ಲಂಬಾಣಿ ಮಾತಿನಲ್ಲೇ ಈ ಬೋಲ್‌ಗಳು ಇನ್ನೂರು ವರ್ಷ ಉಳಿದದ್ದು ಹೀಗೆ.

ತನ್ನ ಮಾತನ್ನು ಹಾಡಿನ ಬದಲು ಅಚ್ಚಿನಲ್ಲಿ ಬಿಟ್ಟುಹೋದ, ಅದೇ ಶತಮಾನದ ಇನ್ನೊಬ್ಬ ದಾರ್ಶನಿಕನನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. ಸ್ವೀಡನ್ನಿನ ಇಮ್ಯಾನುಯೆಲ್ ಸ್ವೀಡನ್‌ಬೋರ್ಗ್ ಹುಟ್ಟಿದ್ದು 1688ರಲ್ಲಿ. ಆ ದೇಶದ ಗಣಿ ಇಲಾಖೆಯಲ್ಲಿ ಅಧಿಕಾರಿ, ವಿಜ್ಞಾನಿ. ಐವತ್ತೈದು ದಾಟಿದ ಮೇಲೆ ತನಗೆ ಸ್ವರ್ಗ ನರಕಗಳ ದರ್ಶನವಾಯಿತೆಂದೂ, ದೇವದೂತರೊಡನೆ ಮಾತಾಡಿದೆನೆಂದೂ ಹೇಳಿ ಬರೆಯಲು ಕುಳಿತ. 1749ರಿಂದ 1756ರವರೆಗೆ, ಬೈಬಲ್ಲಿನ ಒಳಾರ್ಥ ಬಿಡಿಸುವ ಎಂಟು ಸಂಪುಟಗಳ ಲ್ಯಾಟಿನ್ ಗ್ರಂಥವನ್ನು ತನ್ನ ಹೆಸರು ಹಾಕದೆ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಮೊದಲ ಸಂಪುಟ ಹೊರಬಂದಾಗ ಸೇವಾಲಾಲರಿಗೆ ಹತ್ತು ವರ್ಷ. ಸ್ವರ್ಗ ನರಕಗಳ ಕುರಿತ ಪ್ರಸಿದ್ಧ ಪುಸ್ತಕ ಬಂದದ್ದು 1758ರಲ್ಲಿ. ಅವನು ಯಾವ ಪಂಥವನ್ನೂ ಕಟ್ಟಲಿಲ್ಲ, ಶಿಷ್ಯರನ್ನು ಕೂಡಿಸಲಿಲ್ಲ. 1772ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಹದಿನೈದು ವರ್ಷ ಕಳೆದು, 1787ರಲ್ಲಿ, ರಾಬರ್ಟ್ ಹಿಂಡ್‌ಮಾರ್ಷ್ ಎಂಬ ಅಚ್ಚುಕೂಟದವನೂ ಅವನ ಗೆಳೆಯರೂ ಸೇರಿ ಆ ಪುಸ್ತಕಗಳ ಆಧಾರದ ಮೇಲೆ ಹೊಸ ಸಭೆಯನ್ನು ಆರಂಭಿಸಿದರು. ಪ್ರವಚನದ ಪರಂಪರೆ ಆಮೇಲೆ ಬೆಳೆಯಿತು. ಅಮೆರಿಕದ ಹೊಸ ನೆಲೆಗಳಲ್ಲಿ ಸೇಬಿನ ಸಸಿ ಬೆಳೆಸುತ್ತ ತಿರುಗಿದ ಜಾನ್ ಚಾಪ್‌ಮನ್ ಆ ಪುಸ್ತಕಗಳನ್ನು ಬಿಡಿ ಭಾಗಗಳಾಗಿ ಹರಿದು, ಒಂದು ಮನೆಗೆ ಒಂದು ಭಾಗ ಕೊಟ್ಟು, ಮುಂದಿನ ಸಲ ಬಂದಾಗ ಬದಲಾಯಿಸಿಕೊಡುತ್ತಿದ್ದ. ದಕ್ಷಿಣ ಭಾರತಕ್ಕೂ ಅದು ಮುಟ್ಟಿತು: ಮದ್ರಾಸಿನ ಡಿ. ಗೋಪಾಲ ಚೆಟ್ಟಿ 1923ರಲ್ಲಿ ಸ್ವೀಡನ್‌ಬೋರ್ಗನನ್ನೂ ಶೈವಸಿದ್ಧಾಂತವನ್ನೂ ಜೊತೆಯಲ್ಲಿಟ್ಟು ಇಂಗ್ಲಿಷಿನಲ್ಲಿ ಪುಸ್ತಕವೊಂದನ್ನು ಬರೆದರು.

ಇಬ್ಬರ ತಿರುಳಿನಲ್ಲಿ ಹತ್ತಿರದ ನಂಟಿದೆ. ಧರ್ಮವೆಂದರೆ ಬದುಕುವ ರೀತಿ, ಒಳ್ಳೆಯದನ್ನು ಮಾಡುವುದೇ ಅದರ ಜೀವಾಳ ಎಂದು ಸ್ವೀಡನ್‌ಬೋರ್ಗ್ ಗಟ್ಟಿಯಾಗಿ ಹೇಳಿದ. ಸೇವಾಲಾಲರ ಬೋಲ್‌ಗಳೂ ನಡತೆಯ ಮೇಲೆಯೇ ನಿಂತಿವೆ. ಆದರೆ ಇಬ್ಬರ ಮಾತಿಗೆ ಲೋಕದಲ್ಲಿ ಸಿಕ್ಕ ಜಾಗ ಬೇರೆ ಬೇರೆ. ಬರೆದಿಟ್ಟವನ ಒಂದೊಂದು ಹಾಳೆಯೂ ಗ್ರಂಥಾಲಯಗಳಲ್ಲಿ ಭದ್ರ. ಅವನ ಮೇಲೆ ಎಮರ್ಸನ್ 1850ರಲ್ಲಿ ಪ್ರಬಂಧ ಬರೆದ, ಹೆಲೆನ್ ಕೆಲ್ಲರ್ 1927ರಲ್ಲಿ ಪುಸ್ತಕ ಬರೆದರು. ಹಾಡಿನಲ್ಲಿ ಉಳಿದವರ ಬಗ್ಗೆ ಮಾತ್ರ ಹೊರಗಿನವರು ತಮಗೆ ತೋಚಿದ್ದನ್ನು ಬರೆದರು.

ಆ ಬರಹದ ಗತಿಯನ್ನು ಹೇಳದೆ ಮುಂದೆ ಹೋಗಲಾಗದು. 1882ರಲ್ಲಿ ಬೇರಾರ್ ಪ್ರಾಂತದ ಪೊಲೀಸ್ ಅಧಿಕಾರಿ ಕಂಬರ್ಲೆಜ್ ಬಂಜಾರರ ಕುರಿತು ಒಂದು ಕಿರುಹೊತ್ತಗೆ ಬರೆದ. ಸೇವಾಭಾಯನ ಹೆಸರು ಇಂಗ್ಲಿಷ್ ಅಚ್ಚಿನಲ್ಲಿ ಕಾಣುವ ಮುಖ್ಯ ಬರಹಗಳಲ್ಲಿ ಅದೂ ಒಂದು; ಮುಂದೆ ರಸೆಲ್ ಮತ್ತು ಹೀರಾಲಾಲರ ಜಾತಿಕೋಶಕ್ಕೂ ಅದೇ ಆಧಾರವಾಯಿತು. ತಾಂಡಾದಲ್ಲಿ ಮಿಠ್ಠೂ ಭೂಕಿಯಾ ಎಂಬ ಹಳೆಯ ದರೋಡೆಕೋರನಿಗೆಂದು ಮೀಸಲಾದ ಗುಡಿಸಲಿರುತ್ತದೆ ಎಂದು ಅವನು ಬರೆದ. ದರೋಡೆಗೆ ಹೊರಡುವ ಮುನ್ನ ಗಂಡಸರು ಅಲ್ಲಿ ಕೂಡಿ, ತುಪ್ಪದ ದೀಪ ಹಚ್ಚಿ ಶಕುನ ಕೇಳುತ್ತಾರೆ ಎಂದೂ ಬರೆದ. ಪೊಲೀಸಿನವನ ಕಣ್ಣಿಗೆ ಕಂಡದ್ದು ಅಷ್ಟು. ಕದಿಯಬೇಡಿ ಎಂದು ಬಾಳಿನುದ್ದಕ್ಕೂ ಹೇಳಿದವರ ಜನ, ಅಚ್ಚಿನಲ್ಲಿ ಕಳ್ಳರಾಗಿ ಕುಳಿತರು. ಯಾವುದೋ ತಾಂಡಾದಲ್ಲಿ ಯಾರೋ ಹಾಗೆ ಮಾಡಿರಲೂಬಹುದು. ಗುರುವಿನ ಮಾತನ್ನು ಮೀರಿ ನಡೆಯುವುದು ಯಾವ ಸಮುದಾಯದಲ್ಲಿಲ್ಲ? ಆದರೆ ಉಪದೇಶವನ್ನು ಕೇಳದೆ ಆಚಾರವನ್ನು ಮಾತ್ರ ದಾಖಲಿಸಿದ ಆ ಪುಟಗಳು ಒಂದು ಜನಾಂಗಕ್ಕೆ ಮಾಡಿದ ಅನ್ಯಾಯ ಸಣ್ಣದಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಬ್ರಿಟಿಷರು ಹಲವು ಕಡೆ ಲಂಬಾಣಿಗಳನ್ನು ಹುಟ್ಟಿನಿಂದಲೇ ಶಂಕಿತರೆಂದು ಪಟ್ಟಿಗೆ ಸೇರಿಸಿದರು. ಆ ಕಾಯ್ದೆ ತೊಲಗಲು 1952 ಬರಬೇಕಾಯಿತು.

ಅಷ್ಟರಲ್ಲಿ ಹೇರೆತ್ತಿನ ವ್ಯಾಪಾರ ಮುಗಿದುಹೋಗಿತ್ತು. ರಸ್ತೆ ಬಂತು, ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಂತು. ನಡೆಯುವ ಊರುಗಳು ನಿಂತವು. ಚನ್ನಗಿರಿಯ ಕುರುಚಲು ಗುಡ್ಡಗಳ ಬುಡದಲ್ಲಿ, ಹೊನ್ನಾಳಿ ನ್ಯಾಮತಿಗಳ ಕಾಡಂಚಿನಲ್ಲಿ, ಜಗಳೂರಿನ ಬರಡು ಹೊಲಗಳ ನಡುವೆ ತಾಂಡಾಗಳು ನೆಲೆಯೂರಿದ್ದು ಹೀಗೆ. ಒಳ್ಳೆಯ ನೆಲ ಆಗಲೇ ಬೇರೆಯವರದಾಗಿತ್ತು. ಗುಡ್ಡದಿಂದ ಸೌದೆ ತಂದು ಪೇಟೆಗೆ ಮಾರುವುದು, ಕೂಲಿ, ಸುಗ್ಗಿಯಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಗುಳೆ ಹೋಗುವುದು, ಕಬ್ಬು ಕಡಿಯಲು ಗುಂಪಾಗಿ ಹೊರಡುವುದು ಪಾಡಾಯಿತು. ದಂಡುಗಳಿಗೆ ಅನ್ನ ಹೊತ್ತವರ ಮಕ್ಕಳು ತಮ್ಮ ಅನ್ನಕ್ಕೆ ಊರು ಬಿಡಬೇಕಾಯಿತು. ತಾಂಡಾಗಳಿಗೆ ಕಂದಾಯ ಗ್ರಾಮದ ಮಾನ್ಯತೆಯೂ ಇರಲಿಲ್ಲ. ಬಾಳಿ ಬದುಕಿದ ಮನೆಗೆ ಹಕ್ಕುಪತ್ರ ಕೊಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ತೀರ ಈಚೆಗೆ.

ಆ ಕಷ್ಟದ ನೂರು ವರ್ಷಗಳಲ್ಲೂ ಭಜನೆ ನಿಲ್ಲಲಿಲ್ಲ. ಇದು ನನಗೆ ಬಹು ಮುಖ್ಯವಾಗಿ ಕಾಣುತ್ತದೆ. ಎತ್ತು ಹೋಯಿತು, ದಾರಿ ಹೋಯಿತು, ವ್ಯಾಪಾರ ಹೋಯಿತು. ನಂಗಾರ ಮಾತ್ರ ಉಳಿಯಿತು. 1936ರಲ್ಲಿ ಬಳಿರಾಮ ಪಾಟೀಲರು ಮರಾಠಿಯಲ್ಲಿ ಗೋರ್ ಬಂಜಾರರ ಇತಿಹಾಸ ಬರೆದು, ಒಳಗಿನವರೇ ತಮ್ಮ ಕಥೆ ಹೇಳುವ ದಾರಿ ತೆರೆದರು. ಕನ್ನಡದಲ್ಲಿ ಪಿ. ಕೆ. ಖಂಡೋಬಾ, ಡಿ. ಬಿ. ನಾಯಕ ಮೊದಲಾದವರು ಲಂಬಾಣಿ ಸಂಸ್ಕೃತಿಯ ಅಧ್ಯಯನಕ್ಕೆ ಅಡಿಪಾಯ ಹಾಕಿದರು, ಬಿ. ಟಿ. ಲಲಿತಾ ನಾಯಕ್ ಅವರು ತಾಂಡಾದ ಬದುಕನ್ನು ಕನ್ನಡ ಸಾಹಿತ್ಯದೊಳಗೆ ತಂದರು. ಲಂಬಾಣಿಗೆ ಸ್ವಂತ ಲಿಪಿಯಿಲ್ಲ. ಕರ್ನಾಟಕದಲ್ಲಿ ಅದನ್ನು ಕನ್ನಡ ಅಕ್ಷರಗಳಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ, ತೆಲುಗು ನಾಡಿನಲ್ಲಿ ತೆಲುಗು ಅಕ್ಷರಗಳಲ್ಲಿ ಬರೆಯುತ್ತಾರೆ. ಒಬ್ಬರೇ ಗುರುವಿನ ಒಂದೇ ಮಾತು ಮೂರು ಲಿಪಿಗಳಲ್ಲಿ ಹಂಚಿಹೋಗಿ, ಒಂದು ಕಡೆಯ ಓದುಗ ಇನ್ನೊಂದು ಕಡೆಯ ಪುಸ್ತಕವನ್ನು ಓದಲಾರ. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ತಾಯ್ನುಡಿಯೆಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಅವರನ್ನೆಲ್ಲ ಹಿಂದಿಯ ಗುಂಪಿನೊಳಗೆ ಸೇರಿಸಿ ಎಣಿಸಲಾಗಿದೆ. ಈ ಲೆಕ್ಕ ಸರಿಯಲ್ಲ ಎಂದು ಹೇಳಲು ಭಾಷಾಶಾಸ್ತ್ರ ಬಲ್ಲವರೇ ಆಗಬೇಕಿಲ್ಲ. ಒಂದು ರಾತ್ರಿ ಭಜನೆಯಲ್ಲಿ ಕುಳಿತರೆ ಸಾಕು.

ಸೂರಗೊಂಡನಕೊಪ್ಪ ಮೊದಲು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದು ಸೇರಿದವು. ಆಮೇಲೆ ನ್ಯಾಮತಿ ಬೇರೆ ತಾಲ್ಲೂಕಾಯಿತು. ಪ್ರತಿವರ್ಷ ಫೆಬ್ರುವರಿ ನಡುವೆ, ಸೇವಾಲಾಲರ ಜಯಂತಿಯ ದಿನಗಳಲ್ಲಿ, ಆ ಊರಿಗೆ ಕರ್ನಾಟಕದ ಮೂಲೆಮೂಲೆಯಿಂದಲೂ ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಿಂದಲೂ ಜನ ಬರುತ್ತಾರೆ. ಮಾಲೆ ಹಾಕಿಕೊಂಡು ವ್ರತ ಹಿಡಿದವರು ದಿನಗಟ್ಟಲೆ ಕಾಲ್ನಡಿಗೆಯಲ್ಲಿ ಸಾಗಿ ಬರುತ್ತಾರೆ. ಭೋಗ್ ನಡೆಯುತ್ತದೆ, ಭಜನಾ ಮೇಳಗಳು ಕೂಡುತ್ತವೆ, ಕನ್ನಡಿ ಕವಡೆ ಹೊಲಿದ ಪೇಟಿಯಾ ಉಟ್ಟ ಅಜ್ಜಿಯರು ಜೀನ್ಸ್ ತೊಟ್ಟ ಮೊಮ್ಮಕ್ಕಳ ಕೈ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಸೇವಾಲಾಲರ ಸಮಾಧಿಯಿರುವ ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೋಹರಾದೇವಿಯಲ್ಲಿ 2024ರ ಅಕ್ಟೋಬರಿನಲ್ಲಿ ಬಂಜಾರ ಪರಂಪರೆಯ ದೊಡ್ಡ ವಸ್ತುಸಂಗ್ರಹಾಲಯವೇ ತೆರೆಯಿತು. ಅದು ಸಂತೋಷದ ಸಂಗತಿ.

ಆದರೆ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಹಾಡನ್ನು ಇಡಲಾಗದು. ವೇದಿಕೆಯ ಭಾಷಣಗಳಲ್ಲಿ ಸೇವಾಲಾಲರ ನಾಲ್ಕೈದು ಮಾತುಗಳಷ್ಟೇ ತಿರುತಿರುಗಿ ಬರುತ್ತಿವೆ. ಅವೇ ಅವರ ಉಪದೇಶವೆಲ್ಲ ಎನ್ನುವಂತಾಗುತ್ತಿದೆ. ಇಡೀ ಲಡಿಯನ್ನು ರಾತ್ರಿ ಪೂರ್ತಿ ಹಾಡಬಲ್ಲವರು ಎಪ್ಪತ್ತು ದಾಟಿದ್ದಾರೆ. ಧ್ವನಿವರ್ಧಕದ ಸಿನಿಮಾ ಧಾಟಿಯ ಭಕ್ತಿಗೀತೆ ನಂಗಾರದ ಜಾಗಕ್ಕೆ ಬರುತ್ತಿದೆ. ಹುಡುಗರಿಗೆ ಲಂಬಾಣಿ ಅರ್ಥವಾಗುತ್ತದೆ, ಮರುಮಾತು ಕನ್ನಡದಲ್ಲಿ ಬರುತ್ತದೆ. ಹಾಡುವವನೊಬ್ಬ ಹೋದರೆ ಅವನ ಜೊತೆಗೆ ಆ ತಾಂಡಾದ ಪಾಠಾಂತರವೂ ಹೋಗುತ್ತದೆ. ಚನ್ನಗಿರಿಯ ತಾಂಡಾದಲ್ಲಿ ಹಾಡುವ ಕಥೆಗೂ ಜಗಳೂರಿನ ತಾಂಡಾದಲ್ಲಿ ಹಾಡುವ ಕಥೆಗೂ ಇರುವ ಸಣ್ಣ ವ್ಯತ್ಯಾಸಗಳಲ್ಲಿಯೇ ಇತಿಹಾಸಕಾರನಿಗೆ ಬೇಕಾದದ್ದು ಅಡಗಿದೆ: ಯಾವ ತಾಂಡಾ ಯಾವ ದಾರಿಯಲ್ಲಿ ಬಂತು, ಯಾವ ಬರ ಕಂಡಿತು, ಯಾವ ದಂಡಿನೊಡನೆ ನಡೆಯಿತು ಎಂಬುದೆಲ್ಲ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಲಂಬಾಣಿ ಯುವಕ ಯುವತಿಯರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಕಾಲೇಜಿನ ಪಾಠ, ನಿಮ್ಮ ಕೈಯ ಮೊಬೈಲು, ನಿಮ್ಮ ಕನ್ನಡದ ಬರವಣಿಗೆ, ಇವು ನಿಮ್ಮ ಮುತ್ತಜ್ಜನಿಗೆ ಇರಲಿಲ್ಲ. ಈ ಸಲದ ಸೇವಾಲಾಲ್ ಜಯಂತಿಗೆ ಮುಂಚೆ ನಿಮ್ಮ ತಾಂಡಾದ ಹಿರಿಯ ಹಾಡುಗಾರರ ಮುಂದೆ ಕುಳಿತು, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಧ್ವನಿಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ತಾಂಡಾ, ದಿನಾಂಕ ಬರೆದಿಡಿ. ಲಂಬಾಣಿ ಮಾತನ್ನು ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅರ್ಥ ಬರೆಯಿರಿ. ಯಾವುದನ್ನೂ ತಿದ್ದಿ ಚೆಂದ ಮಾಡಬೇಡಿ. ದಾವಣಗೆರೆ, ಕುವೆಂಪು ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳೂ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ಇದನ್ನು ತಮ್ಮ ಕೆಲಸವೆಂದು ಕೈಗೆತ್ತಿಕೊಳ್ಳಲಿ. ಹಾಡಬಲ್ಲವರು ಇನ್ನೂ ಇದ್ದಾರೆ, ಕೇಳಿದರೆ ಹಾಡುತ್ತಾರೆ. ದಯವಿಟ್ಟು ಈ ವರ್ಷವೇ ಹೋಗಿ ಕೇಳಿ.